ಹಕ್ಕಿಯ ಜೊತೆ ಮಧ್ಯಾಹ್ನ ಯಾರಿರುತ್ತಾರೆ?

ಅಜ್ಜೀಪುರ,
ಹನೂರು ತಾಲ್ಲೂಕು

ಮುದ್ದಿನ ಮೊಮ್ಮಗನಿಗೆ ತಾತ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ವಿಡಿಯೋವನ್ನು ನಿಮ್ಮಜ್ಜಿ ಪಕ್ಕದ ಮನೆಯವರಿಗೆಲ್ಲ ತೋರಿಸಿ ಆಯಿತು. ಅದರಲ್ಲಿ ಬೆಳ್ಳಗಿನ ಹಕ್ಕಿ ಕೊಡೆ ಬಿಚ್ಚಿದ ಹಾಗೆ ಜುಟ್ಟು ಬಿಚ್ಚಿ, ನಿನ್ನ ಕುತ್ತಿಗೆಗೆ ತಲೆ ಒತ್ತಿಕೊಂಡು ಕೂತಿದೆ. ಸಾಕಿದವರು ಕೆನಡಾಕ್ಕೆ ಹೊರಟಿದ್ದಾರೆ, ಹದಿನೈದು ವರ್ಷದ ಕಾಕಟೂವನ್ನು ಪಂಜರ ಸಮೇತ ಪುಕ್ಕಟೆ ಕೊಡುತ್ತಾರೆ, ತಗೊಳ್ಳಲಾ ತಾತ ಅಂತ ಕೇಳಿದ್ದೀಯ. ಬೇಡ ಅನ್ನುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಹೂಂ ಅನ್ನುವ ಮೊದಲು ನೀನು ಹಾಕಬೇಕಾದ ಲೆಕ್ಕ ಕೆಲವಿವೆ.

ಮೊದಲನೆಯದು ಆಯಸ್ಸಿನ ಲೆಕ್ಕ. ಷಿಕಾಗೋ ಹತ್ತಿರದ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿ ಕುಕಿ ಅಂತ ಒಂದು ಕಾಕಟೂ ಇತ್ತು. ಅದು ಹುಟ್ಟಿದ್ದು 1933ರಲ್ಲಿ. ಆಗ ನಮ್ಮ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ನಾನಿನ್ನೂ ಹುಟ್ಟಿರಲಿಲ್ಲ. ಆ ಹಕ್ಕಿ ತೀರಿಕೊಂಡದ್ದು 2016ರಲ್ಲಿ, 83 ವರ್ಷಕ್ಕೆ. ಅಷ್ಟು ಬಾಳುವುದು ಅಪರೂಪವೇ ಸರಿ. ಆದರೂ ಚೆನ್ನಾಗಿ ನೋಡಿಕೊಂಡರೆ ದೊಡ್ಡ ಜಾತಿಯ ಕಾಕಟೂಗಳು 40ರಿಂದ 60 ವರ್ಷ ಇರುತ್ತವೆ. ಅಂದರೆ ನಿನ್ನ ಮದುವೆ, ಮಕ್ಕಳು, ವರ್ಗಾವಣೆ, ರಿಟೈರ್‌ಮೆಂಟು ಎಲ್ಲಕ್ಕೂ ಈ ಹಕ್ಕಿ ಸಾಕ್ಷಿ. ನಾಳೆ ನಿನಗೂ ಕೆನಡಾದ ಆಫರ್ ಬಂದರೆ? ಈಗ ಕೊಡುತ್ತಿರುವವರೂ ತರುವಾಗ ಪ್ರೀತಿಯಿಂದಲೇ ತಂದಿರುತ್ತಾರಪ್ಪ.

ಎರಡನೆಯದು ಜೊತೆಯ ಲೆಕ್ಕ. ಈ ಪತ್ರದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡ. ನಮ್ಮ ಹೊಲದಲ್ಲಿ ಈಗ ಮುಸುಕಿನ ಜೋಳ ಹಾಲುಗಾಳು ಕಟ್ಟಿದೆ. ಬೆಳಕು ಹರಿಯುತ್ತಲೇ ಗಿಳಿ ಹಿಂಡು ಇಳಿಯುತ್ತದೆ. ತೆನೆಗೆ ಜೋತುಬಿದ್ದು ಸಿಪ್ಪೆ ಸೀಳಿ, ನಾಲ್ಕು ಕಾಳು ಕಿತ್ತು, ಉಳಿದದ್ದನ್ನು ಹಾಳು ಮಾಡಿ ಪಕ್ಕದ ತೆನೆಗೆ ಹೋಗುತ್ತವೆ. ಹುಣಸೆ ಮರದ ತುದಿಯಲ್ಲಿ ಕೂತ ಒಂದು ಕೀರ್ ಅಂದರೆ ಸಾಕು, ನಾನು ಡಬ್ಬ ಬಡಿಯುವ ಮೊದಲೇ ಅಷ್ಟೂ ಎದ್ದಿರುತ್ತವೆ. ಮೇಯುವುದು, ಜಗಳ, ಒಂದರ ಕತ್ತು ಇನ್ನೊಂದು ಕೆರೆಯುವುದು, ಕತ್ತಲಾದ ಮೇಲೆ ಮಲಗುವುದು ಎಲ್ಲ ಗುಂಪಿನಲ್ಲೇ. ಒಂಟಿ ಗಿಳಿ ಕಣ್ಣಿಗೆ ಬೀಳುವುದೇ ಕಮ್ಮಿ. ನಿನ್ನ ಕಾಕಟೂ ಇದೇ ಗಿಳಿಗಳ ದೂರದ ನೆಂಟ, ಇಂಡೋನೇಷ್ಯಾದ ಹಲ್ಮಹೆರಾ ದ್ವೀಪದ ಕಡೆಯ ಕಾಡಿನದು. ಅದಕ್ಕೂ ಗುಂಪು ಬೇಕು. ಪಂಜರದಲ್ಲಿ ಒಂದೇ ಇಟ್ಟರೆ ಮನುಷ್ಯರನ್ನೇ ತನ್ನ ಗುಂಪು ಅಂದುಕೊಳ್ಳುತ್ತದೆ. ಎಷ್ಟೋ ಸಾರಿ ಮನೆಯಲ್ಲಿ ಒಬ್ಬರನ್ನೇ ಹಚ್ಚಿಕೊಂಡು ಮಿಕ್ಕವರನ್ನು ಕಚ್ಚುತ್ತದೆ. ಆ ಒಬ್ಬರು ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಹೋಗಿ ರಾತ್ರಿ ಬಂದರೆ ದಿನವಿಡೀ ಕಿರುಚುತ್ತದೆ, ಇಲ್ಲವೇ ತನ್ನ ಪುಕ್ಕವನ್ನು ತಾನೇ ಕಿತ್ತುಕೊಳ್ಳುತ್ತದೆ. ಎದೆಯೆಲ್ಲ ಬೋಳಾದ ಕಾಕಟೂಗಳ ಫೋಟೋ ಹುಡುಕಿ ನೋಡು. ಆ ಚಟ ಒಮ್ಮೆ ಹತ್ತಿದರೆ ಬಿಡಿಸುವುದು ಬಲು ಕಷ್ಟ.

ಮನೆಯ ವಿಚಾರಕ್ಕೆ ಬಾ. ಕಾಕಟೂ ಮೈಯಿಂದ ಮುಖಕ್ಕೆ ಹಾಕುವ ಪೌಡರಿನಂಥ ಬಿಳಿ ಪುಡಿ ಸದಾ ಉದುರುತ್ತದೆ. ಪುಕ್ಕ ಚೊಕ್ಕಟವಾಗಿಡಲು ಪ್ರಕೃತಿ ಮಾಡಿದ ಏರ್ಪಾಡು ಅದು. ಚಿಕ್ಕಂದಿನಲ್ಲಿ ವೀಸಿಂಗ್ ಬಂದು ನಿನ್ನನ್ನು ರಾತ್ರೋರಾತ್ರಿ ಕೊಳ್ಳೇಗಾಲಕ್ಕೆ ಎತ್ತಿಕೊಂಡು ಓಡಿದ್ದು ನೆನಪಿರಲಿ; ಮೊದಲು ನಿನ್ನ ಡಾಕ್ಟರನ್ನು ಕೇಳು. ಬೆಳಿಗ್ಗೆ ಸಂಜೆ ಕೂಗುವುದು ಅದರ ಹುಟ್ಟುಗುಣ, ಬೈದರೆ ನಿಲ್ಲುವುದಿಲ್ಲ. ನಮ್ಮ ಹೊಲದಲ್ಲಾದರೆ ನಡೆದೀತು, ನಿನ್ನ ಅಪಾರ್ಟ್‌ಮೆಂಟಿನ ಗೋಡೆಯಾಚೆ ಕೈಗೂಸು ಮಲಗಿದೆ. ಕೊಕ್ಕಿಗೆ ಕೆಲಸ ಬೇಕು. ಕಡಿಯಲು ಮರದ ತುಂಡು ಕೊಡದಿದ್ದರೆ ಕಿಟಕಿ ಚೌಕಟ್ಟು, ಟೀವಿ ವೈರು ಅಂತ ಹುಡುಕಿಕೊಳ್ಳುತ್ತದೆ.

ಊಟವೂ ಹಾಗೇ. ಬರೀ ಸೂರ್ಯಕಾಂತಿ ಬೀಜ ಹಾಕಿದರೆ ಕೊಬ್ಬೇರಿ ಲಿವರ್ ಹಾಳಾಗುತ್ತದೆ. ಮೊಳಕೆ ಹೆಸರುಕಾಳು, ಸೊಪ್ಪು, ಕ್ಯಾರೆಟ್ಟು, ಹಣ್ಣು ಕೊಡಬಹುದು. ಬೆಣ್ಣೆಹಣ್ಣು, ಚಾಕೊಲೇಟು, ಈರುಳ್ಳಿ ವಿಷ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಏಳುವ ಹೊಗೆಗೇ ಹಕ್ಕಿ ಸಾಯಬಹುದು. ಎಲ್ಲ ಪಶುವೈದ್ಯರಿಗೂ ಹಕ್ಕಿ ನೋಡಿ ಅಭ್ಯಾಸ ಇರುವುದಿಲ್ಲ. ಬಲ್ಲವರು ಯಾರು, ಎಷ್ಟು ದೂರ ಅಂತ ಮೊದಲೇ ತಿಳಿದುಕೊಂಡು, ತರುವ ಮುಂಚೆ ತಪಾಸಣೆ ಮಾಡಿಸು. ಗಿಳಿ ಜಾತಿಯಿಂದ ಮನುಷ್ಯರಿಗೆ ಅಂಟುವ ಜ್ವರವೂ ಇದೆ.

ಇನ್ನು ಕಾಗದಪತ್ರ. ಬೆಟ್ಟದ ಜಾತ್ರೆಯ ಗಿಣಿಶಾಸ್ತ್ರದವನ ಪೆಟ್ಟಿಗೆ ಮುಂದೆ ಚಿಕ್ಕಂದಿನಲ್ಲಿ ಕೂತುಬಿಡುತ್ತಿದ್ದೆಯಲ್ಲ, ಆ ನಮ್ಮ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಕಾಕಟೂ ಹೊರದೇಶದ್ದು, ಸಾಕಬಹುದು. ಹಾಗಂತ ಕೇಳುವವರೇ ಇಲ್ಲ ಅಂದುಕೊಳ್ಳಬೇಡ. ಕಾಯ್ದೆಗೆ ತಂದ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, 2024ರ ಫೆಬ್ರವರಿಯಲ್ಲಿ ನಿಯಮಗಳೂ ಬಂದಿವೆ. ಇಂಥ ಹಕ್ಕಿಯನ್ನು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಕೈ ಬದಲಾದರೂ ತಿಳಿಸಬೇಕು. ಈಗ ಸಾಕಿದವರ ಹೆಸರಿನ ನೋಂದಣಿ ಇದೆಯಾ, ಅದನ್ನು ನಿನ್ನ ಹೆಸರಿಗೆ ಮಾಡಿಸಿಕೊಡುತ್ತಾರಾ, ಬಾಯಿಬಿಟ್ಟು ಕೇಳು. 'ಅದೆಲ್ಲ ಏನೂ ಬೇಕಾಗಲ್ಲ ಬಿಡಿ' ಅಂದರೆ ಕೈಮುಗಿದು ಬಾ.

ಕಿಟಕಿಗೆ ಜಾಲರಿ ಹೊಡೆಸುವುದೂ ಖರ್ಚಿನ ಪಟ್ಟಿಯಲ್ಲಿರಲಿ. 2022ರ ಜುಲೈನಲ್ಲಿ ತುಮಕೂರಿನ ಒಂದು ಮನೆಯಿಂದ ರುಸ್ತುಂ ಅನ್ನುವ ಆಫ್ರಿಕದ ಬೂದು ಗಿಳಿ ಹಾರಿಹೋಗಿತ್ತು. ಊರೆಲ್ಲ ಪೋಸ್ಟರ್ ಅಂಟಿಸಿ 50,000 ರೂಪಾಯಿ ಬಹುಮಾನ ಸಾರಿದರು. ಸಿಕ್ಕಿದ ಖುಷಿಗೆ 85,000 ಕೊಟ್ಟರು. ಕಳೆದುಹೋದ ಹಕ್ಕಿಗಳೆಲ್ಲ ರುಸ್ತುಂನಷ್ಟು ಪುಣ್ಯ ಮಾಡಿರುವುದಿಲ್ಲ. ಪಂಜರದಲ್ಲೇ ಬೆಳೆದದ್ದಕ್ಕೆ ಹೊರಗೆ ಮೇವು ಹುಡುಕಲು ಬರುವುದಿಲ್ಲ, ಹದ್ದು ಬಂದರೆ ಅವಿತುಕೊಳ್ಳಲೂ ಗೊತ್ತಿರುವುದಿಲ್ಲ.

'ಆಗದಿದ್ದರೆ ಊರಿಗೆ ತಂದುಬಿಡುತ್ತೀನಿ, ತಾತ ನೋಡ್ಕೋತಾರೆ' ಅಂತ ಮನಸ್ಸಿನ ಮೂಲೆಯಲ್ಲಿ ಇದ್ದರೆ ಈಗಲೇ ಅಳಿಸಿಬಿಡು. ನನ್ನ ವಯಸ್ಸಿಗೆ ಆ ಹಕ್ಕಿಯೇ ನನ್ನ ತಿಥಿ ಊಟಕ್ಕೆ ಬರಬೇಕಾದೀತು.

ಇಷ್ಟು ಹೇಳಿದ ಮೇಲೂ, ಆ ಹಕ್ಕಿಗೆ ಒಂದು ಮನೆ ಬೇಕಾಗಿರುವುದಂತೂ ನಿಜ. ಅಂಗಡಿಯಿಂದ ಮರಿ ತರುವುದಕ್ಕಿಂತ ಇದು ಸಾವಿರ ಪಾಲು ಮೇಲು. ಸಾಕಿದವರು ಹೊರಡುವ ತನಕ ಪ್ರತಿ ಭಾನುವಾರ ಅವರ ಮನೆಗೆ ಹೋಗಿ ಕೂರು. ತಟ್ಟೆ ತೊಳೆ, ಪಂಜರದ ಹಿಕ್ಕೆ ಬಳಿ, ಅದು ಕಿರುಚುವಾಗಲೂ ಅಲ್ಲೇ ಇರು. ಆಮೇಲೆ ಒಂದು ಹಾಳೆ ತಗೊಂಡು ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಗಂಟೆಗೊಂದು ಗೆರೆ ಎಳೆದು, ಆ ಹೊತ್ತಿಗೆ ಹಕ್ಕಿಯ ಜೊತೆ ಯಾರು ಅಂತ ಬರೆ. ಕೆಳಗೆ, ನೀನು ಊರಲ್ಲಿಲ್ಲದಾಗ ಯಾರು ಅನ್ನುವುದನ್ನೂ ಬರೆ. ಅವರನ್ನು ಕೇಳಿ ಒಪ್ಪಿಸಿಯೇ ಹೆಸರು ಹಾಕು. ಹಾಳೆಯ ಫೋಟೋ ನನಗೆ ಕಳಿಸು. ಮಧ್ಯಾಹ್ನದ ಗೆರೆಗಳು ಖಾಲಿ ಇದ್ದರೆ ಆ ಹಕ್ಕಿಗೆ ಬೇರೆ ಒಳ್ಳೆಯ ಮನೆ ಹುಡುಕುವುದಕ್ಕೆ ಓಡಾಡು, ಅದೂ ಪುಣ್ಯದ ಕೆಲಸವೇ. ಎಲ್ಲ ತುಂಬಿದ್ದರೆ ಜಾಲರಿಯ ದುಡ್ಡು ನನ್ನದು.

ಇತಿ,
ನಿನ್ನ ತಾತ