ವಾಚ್ ಕಳವಾದರೆ ಮೊದಲು ಬೇಕಾದದ್ದು ಅದರ ನಂಬರ್

ಚಿನ್ನ ಹೋದರೆ ಗ್ರಾಂ ಲೆಕ್ಕ ಹೇಳುತ್ತೇವೆ, ಬೈಕ್ ಹೋದರೆ ನಂಬರ್ ಹೇಳುತ್ತೇವೆ. ವಾಚ್ ಹೋದರೆ ಬಹಳಷ್ಟು ಮಂದಿಗೆ ಹೇಳಲು ಬರುವುದು ಕಂಪನಿಯ ಹೆಸರು ಮತ್ತು ಕೊಟ್ಟ ಬೆಲೆ ಮಾತ್ರ. ಪೊಲೀಸರಿಗಾಗಲಿ, ವಿಮಾ ಕಂಪನಿಗಾಗಲಿ ಅಷ್ಟು ಸಾಲದು.

ದೊಡ್ಡಬಳ್ಳಾಪುರದ ಛತ್ರವೊಂದರಲ್ಲಿ ನೆಂಟರ ಮದುವೆ ನಡೆಯುವಾಗ, ಕೋಣೆಯಲ್ಲಿಟ್ಟಿದ್ದ ಬ್ಯಾಗಿನಿಂದ ನನ್ನ ವಾಚ್ ಕಳವಾಯಿತು. ಭಾವ ಕೊಡಿಸಿದ್ದ ಸ್ವಿಸ್ ವಾಚ್. ಬೆಲೆ ಒಂದೂವರೆ ಲಕ್ಷ. ಅವತ್ತೇ ಠಾಣೆಗೆ ಹೋದೆ. ‘ಗುರುತು ಏನಿದೆ ಸಾರ್?’ ಎಂಬುದೇ ಹೆಡ್ ಕಾನ್‌ಸ್ಟೆಬಲ್ ಕೇಳಿದ ಮೊದಲ ಪ್ರಶ್ನೆ. ವಾರಂಟಿ ಕಾರ್ಡಿನ ಫೋಟೋ ಫೋನಿನಲ್ಲಿತ್ತು. ಅದರಲ್ಲಿದ್ದ ಸೀರಿಯಲ್ ನಂಬರ್, ಮಾಡೆಲ್ ನಂಬರ್, ಆರರ ಅಂಕಿಯ ಕೆಳಗೆ ಗಾಜಿನಂಚಿಗೆ ಬಿದ್ದಿದ್ದ ಗೀರು, ಮೂರನೇ ತೂತು ಸವೆದಿದ್ದ ಕಂದು ಚರ್ಮದ ಪಟ್ಟಿ, ಎಲ್ಲವನ್ನೂ ದೂರಿನಲ್ಲಿ ಬರೆಸಿದೆ. ಮುಂದಿನ ಕೆಲಸವೆಲ್ಲ ನಡೆದದ್ದು ಆ ನಾಲ್ಕು ಸಾಲುಗಳ ಮೇಲೆಯೇ.

ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯ ಇರುವುದು ಎಲ್ಲೋ ಬಿದ್ದುಹೋದ ವಸ್ತುಗಳಿಗೆ. ಕಳವಿಗೆ ಎಫ್‌ಐಆರ್ ಆಗಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಕಳವು ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ದೇವನಹಳ್ಳಿ ತಾಲ್ಲೂಕಿನಲ್ಲಿ ಒಂದಷ್ಟು ಭಾಗ ಬೆಂಗಳೂರು ನಗರ ಕಮಿಷನರ್ ವ್ಯಾಪ್ತಿಗೆ, ಉಳಿದದ್ದು ಗ್ರಾಮಾಂತರ ಎಸ್‌ಪಿ ವ್ಯಾಪ್ತಿಗೆ ಸೇರಿದೆ. ‘ನಮ್ಮ ಸರಹದ್ದಲ್ಲ’ ಎಂದು ಯಾರಾದರೂ ವಾಪಸ್ ಕಳಿಸಿದರೆ ಲಿಖಿತ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮೊರೆ ಹೋಗಬಹುದು.

ದೂರು ಕೊಟ್ಟ ದಿನವೇ ಇನ್ನೆರಡು ಕೆಲಸ ಮುಗಿಸಿಕೊಳ್ಳಿ. ವಾಚ್ ಕಂಪನಿಯ ಸರ್ವಿಸ್ ಸೆಂಟರಿಗೆ ಸೀರಿಯಲ್ ನಂಬರ್ ಕೊಟ್ಟು, ಕಳವಾಗಿದೆ ಎಂದು ಇಮೇಲ್ ಮಾಡಿ. ವಿಮೆ ಇದ್ದರೆ ಕಂಪನಿಗೂ ತಕ್ಷಣ ತಿಳಿಸಿ.

ವಿಮೆಯ ವಿಷಯದಲ್ಲಿ ಪಾಲಿಸಿಯನ್ನು ಸಾಲು ಸಾಲಾಗಿ ಓದಬೇಕು. 2021ರಲ್ಲಿ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಕೊಂಡವರು ಕಳ್ಳತನಕ್ಕೂ ರಕ್ಷಣೆಯಿದೆ ಎಂದುಕೊಂಡಿರುತ್ತಾರೆ. ಆದರೆ ಅದರ ಮೂಲ ರಕ್ಷಣೆಯಲ್ಲಿ ಸೇರಿರುವುದು ಬೆಂಕಿ, ಪ್ರವಾಹದಂಥ ಅವಘಡ ನಡೆದ 7 ದಿನಗಳೊಳಗೆ ಅದರಿಂದಾಗಿಯೇ ಆದ ಕಳವು ಮಾತ್ರ. ಬೀಗ ಒಡೆದು ಕದ್ದರೆ ಬರ್ಗ್ಲರಿ ವಿಮೆ ಬೇಕು. ಛತ್ರದಲ್ಲೋ ಬಸ್ಸಿನಲ್ಲೋ ಹೋದರೆ ಅದೂ ಸಾಮಾನ್ಯವಾಗಿ ಉಪಯೋಗಕ್ಕೆ ಬಾರದು. ಮನೆಯಾಚೆಗೂ ಅನ್ವಯಿಸುವ ‘ಆಲ್ ರಿಸ್ಕ್’ ರಕ್ಷಣೆ ಬೇಕು. ನನ್ನ ಪಾಲಿಸಿಯಲ್ಲಿ ಅದಿತ್ತು. ವಾಚ್ ಪತ್ತೆಯಾಗಲಿಲ್ಲ ಎಂದು ಪೊಲೀಸರು ಕೊಡುವ ‘ಸಿ ರಿಪೋರ್ಟ್’ ಸೇರಿಸಿ ಅರ್ಜಿ ಹಾಕಿದ ಮೇಲೆ, ಸವಕಳಿ ಕಳೆದು ಹಣ ಬಂತು. ಪರಿಹಾರ ಪಡೆದ ಮೇಲೆ ವಾಚ್ ಸಿಕ್ಕರೆ ವಿಮಾ ಕಂಪನಿಗೆ ತಿಳಿಸುವುದು ಕಡ್ಡಾಯ. ಕಂಪನಿ ಅನ್ಯಾಯವಾಗಿ ಕ್ಲೇಮ್ ತಿರಸ್ಕರಿಸಿದರೆ ಬೆಂಗಳೂರಿನಲ್ಲೇ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಪೊಲೀಸರಿಗೆ ವಾಚ್ ಸಿಕ್ಕಿದರೆ ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ. ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು, ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಳ್ಳಬಹುದು. ಕೇಸಿನ ವಸ್ತುಗಳು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಅಲ್ಲೂ ಮಾಲೀಕತ್ವ ತೋರಿಸಲು ಬಿಲ್ ಮತ್ತು ನಂಬರ್ ಕೇಳುತ್ತಾರೆ.

ಹಾಗಾಗಿ, ಬೆಲೆಬಾಳುವ ವಾಚ್ ಇರುವ ಪ್ರತಿಯೊಬ್ಬರಲ್ಲೂ ಒಂದು ಮನವಿ. ಇವತ್ತೇ ವಾಚಿನ ಮುಂಭಾಗ, ಹಿಂಭಾಗ, ಬಿಲ್, ವಾರಂಟಿ ಕಾರ್ಡ್‌ಗಳ ಫೋಟೋ ತೆಗೆದು ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಬಿಲ್ಲಿಲ್ಲದ ಹಳೇ ವಾಚನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಲೇಬೇಡಿ. ಕದ್ದ ಮಾಲೆಂದು ಗೊತ್ತಿದ್ದೂ ಇಟ್ಟುಕೊಂಡರೆ 3 ವರ್ಷಗಳವರೆಗೆ ಜೈಲು ಶಿಕ್ಷೆ ಇದೆ.