ದನಿ ನಿಂತಿತೆಂದು ದಿಗಿಲು ಬೇಡ

ಲಿನಕ್ಸ್ ಕಂಪ್ಯೂಟರಿನ ದನಿ ಇದ್ದಕ್ಕಿದ್ದಂತೆ ನಿಂತಾಗ ನಿಮ್ಮಲ್ಲಿ ಹೆಚ್ಚಿನವರು ಏನು ಮಾಡುತ್ತೀರಿ ಎಂಬುದು ನನಗೆ ಗೊತ್ತು. ಮೊದಲು ವಾಲ್ಯೂಮನ್ನು ನೂರಕ್ಕೆ ಏರಿಸುತ್ತೀರಿ. ಆಮೇಲೆ ಯಾರೋ ಎಂದೋ ಬರೆದಿಟ್ಟ ನಾಲ್ಕು ಸಾಲು ಕಮಾಂಡನ್ನು ಅರ್ಥ ತಿಳಿಯದೆಯೇ ಟರ್ಮಿನಲ್ಲಿಗೆ ಅಂಟಿಸುತ್ತೀರಿ. ಅದೂ ಫಲಿಸದಿದ್ದರೆ ಲಿನಕ್ಸನ್ನೇ ಅಳಿಸಿ ಹೊಸದಾಗಿ ಹಾಕಲು ಪೆನ್‌ಡ್ರೈವ್ ಹುಡುಕುತ್ತೀರಿ. ಇಲಿ ಬಂತೆಂದು ಮನೆಗೇ ಬೆಂಕಿ ಹಚ್ಚುವ ಕೆಲಸ ಇದು. ಸ್ವಲ್ಪ ಕೈ ತಡೆಯಿರಿ, ನಾನು ಹೇಳುವುದನ್ನು ಕೇಳಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಗಟ್ಟಿಮುಟ್ಟಾಗಿರುವ ಹಳೆಯ ಡೆಸ್ಕ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸಾಗದೆ ಲಿನಕ್ಸ್ ಮಿಂಟನ್ನೋ ಉಬುಂಟುವನ್ನೋ ಹಾಕಿಕೊಂಡಿದ್ದೀರಾದರೆ ಒಳ್ಳೆಯ ಕೆಲಸವನ್ನೇ ಮಾಡಿದ್ದೀರಿ. ಆದರೆ ಹೊಸ ಮನೆಗೆ ಬಂದ ಮೇಲೆ ಅಲ್ಲಿನ ಸ್ವಿಚ್ಚುಗಳು ಎಲ್ಲೆಲ್ಲಿವೆ ಎಂದು ತಿಳಿದಿರಬೇಕಲ್ಲವೇ? ದನಿ ನಿಂತಾಗ ಬಹುತೇಕ ಸಲ ಯಾವುದೂ ಕೆಟ್ಟಿರುವುದಿಲ್ಲ. ಒಂದೋ ಎಲ್ಲೋ ಮ್ಯೂಟ್ ಆಗಿರುತ್ತದೆ, ಇಲ್ಲವೇ ದನಿ ನೀವು ಕೇಳದ ಕಡೆಗೆ ಹೋಗುತ್ತಿರುತ್ತದೆ. ಅದನ್ನು ಹುಡುಕುವುದಷ್ಟೇ ನಿಮ್ಮ ಕೆಲಸ.

ಹುಡುಕುವ ಮೊದಲು ದಾರಿ ತಿಳಿದುಕೊಳ್ಳಿ. ಮೇಲಿನ ಟ್ಯಾಂಕಿನ ನೀರು ನಲ್ಲಿಗೆ ಬರುವಾಗ ನಡುವೆ ಎರಡು ಮೂರು ವಾಲ್ವ್ ಇರುತ್ತವೆ. ಒಂದು ಮುಚ್ಚಿದ್ದರೂ ನಲ್ಲಿ ಒಣಗಿರುತ್ತದೆ. ದನಿಯ ದಾರಿಯೂ ಹಾಗೆಯೇ. ನೀವು ಹಾಡು ಹಾಕುವ ಬ್ರೌಸರ್ ಅಥವಾ ಪ್ಲೇಯರ್ ಮೊದಲ ಜಾಗ. ಅಲ್ಲಿಂದ ದನಿ ಸೌಂಡ್ ಸರ್ವರಿಗೆ ಬರುತ್ತದೆ. ಯಾವ ದನಿ ಯಾವ ಸ್ಪೀಕರಿಗೆ ಎಂದು ಹಂಚುವುದು ಅದರ ಕೆಲಸ. ಅದರ ಕೆಳಗೆ ಲಿನಕ್ಸಿನ ತಿರುಳಾದ ಕರ್ನಲ್ಲಿನ ಒಳಗೇ ಇರುವ ಆಲ್ಸಾ, ಕೊನೆಗೆ ಸೌಂಡ್ ಕಾರ್ಡ್, ತಂತಿ, ಸ್ಪೀಕರ್. 2003ರ ಕೊನೆಯಲ್ಲಿ ಬಂದ ಕರ್ನಲ್ 2.6ರಿಂದ ಇಂದಿನವರೆಗೂ ಆಲ್ಸಾ ಅದೇ ಜಾಗದಲ್ಲಿದೆ. ಬದಲಾದದ್ದು ಅದರ ಮೇಲಿನ ಸರ್ವರ್. ಉಬುಂಟುವಿನಲ್ಲಿ 2008ರಿಂದ ಪಲ್ಸ್‌ಆಡಿಯೋ ಇತ್ತು. 2022ರ ಅಕ್ಟೋಬರಿನಲ್ಲಿ ಬಂದ 22.10ರಿಂದ ಅದರ ಜಾಗಕ್ಕೆ ಪೈಪ್‌ವೈರ್ ಬಂತು. ಫೆಡೋರಾ ಲಿನಕ್ಸ್ 2021ರಲ್ಲೇ ಬದಲಾಯಿತು, ಲಿನಕ್ಸ್ ಮಿಂಟ್ 2024ರ 22ನೇ ಆವೃತ್ತಿಯಲ್ಲಿ ಬದಲಾಯಿತು. ಇಷ್ಟನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಪರೀಕ್ಷೆಗೆ ಕೀಬೋರ್ಡ್ ಬೇಡ, ಕಣ್ಣು ಸಾಕು. ಸ್ಪೀಕರಿನ ದೀಪ ಉರಿಯುತ್ತಿದೆಯೇ? ಅದರ ಮೇಲಿನ ವಾಲ್ಯೂಮ್ ತಿರುಗಣೆ ಪೂರ್ತಿ ಕೆಳಗಿದೆಯೇ? ಕಸ ಗುಡಿಸುವಾಗ ಪಿನ್ ಅರ್ಧ ಹೊರಬಂದಿದೆಯೇ? ಡಬ್ಬದ ಹಿಂಬದಿಯ ಹಸಿರು ತೂತೇ ಸ್ಪೀಕರಿನದು. ಗುಲಾಬಿ ಮೈಕಿಗೆ, ನೀಲಿ ಲೈನ್ ಇನ್‌ಗೆ. ಕತ್ತಲಲ್ಲಿ ತಡಕಾಡಿ ಗುಲಾಬಿಗೆ ಚುಚ್ಚಿ ಕಂಪ್ಯೂಟರನ್ನು ಬೈಯಬೇಡಿ. ಅದೇ ಸ್ಪೀಕರಿಗೆ ಮೊಬೈಲನ್ನೋ ಬೇರೆ ಏನನ್ನಾದರೂ ಸಿಕ್ಕಿಸಿ ನೋಡಿ. ಅಲ್ಲೂ ದನಿ ಬರದಿದ್ದರೆ ತಪ್ಪು ಸ್ಪೀಕರಿನದು, ಲಿನಕ್ಸಿನದಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಯಾವ ನ್ಯಾಯ?

ಎರಡನೆಯದು, ದನಿ ಒಂದು ಕಡೆ ಮಾತ್ರ ನಿಂತಿದೆಯೋ ಎಲ್ಲ ಕಡೆಯೂ ನಿಂತಿದೆಯೋ ನೋಡಿ. ಬ್ರೌಸರಿನಲ್ಲಿ ಮಾತ್ರ ಇಲ್ಲ, ವಿಎಲ್‌ಸಿಯಲ್ಲಿ ಇದೆ ಎಂದರೆ ಸೌಂಡ್ ಕಾರ್ಡಿನ ತಂಟೆಗೆ ಹೋಗಲೇಬೇಡಿ. ಬ್ರೌಸರಿನ ಆ ಟ್ಯಾಬೇ ಮ್ಯೂಟ್ ಆಗಿರಬಹುದು, ವಿಡಿಯೋದ ಒಳಗಿನ ಸ್ಪೀಕರ್ ಚಿತ್ರಕ್ಕೆ ಗೀಟು ಬಿದ್ದಿರಬಹುದು.

ಮೂರನೆಯದು ಅತಿ ಮುಖ್ಯ. ಸೌಂಡ್ ಸೆಟ್ಟಿಂಗ್ಸ್ ತೆರೆದು ಔಟ್‌ಪುಟ್ ಎಂಬಲ್ಲಿ ಯಾವುದು ಆಯ್ಕೆಯಾಗಿದೆ ನೋಡಿ. ಮಾನಿಟರಿಗೆ ಎಚ್‌ಡಿಎಂಐ ಕೇಬಲ್ ಹಾಕಿದ್ದೀರಲ್ಲ, ಆ ಕೇಬಲ್ ಚಿತ್ರದ ಜೊತೆಗೆ ದನಿಯನ್ನೂ ಒಯ್ಯುತ್ತದೆ. ಕಂಪ್ಯೂಟರ್ ಅದನ್ನೇ ಸ್ಪೀಕರ್ ಎಂದು ತಿಳಿದು ದನಿಯನ್ನೆಲ್ಲ ಸ್ಪೀಕರೇ ಇಲ್ಲದ ಮಾನಿಟರಿಗೆ ಕಳಿಸುತ್ತಿರುತ್ತದೆ. ನೀವು ಇತ್ತ ಹಸಿರು ತೂತಿನ ಮುಂದೆ ಕಿವಿಯಿಟ್ಟು ಕೂತಿರುತ್ತೀರಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಪಟ್ಟಿಯಲ್ಲಿ ಅನಲಾಗ್ ಅಥವಾ ಲೈನ್ ಔಟ್ ಎಂದಿರುವುದನ್ನು ಆರಿಸಿ, ಅಲ್ಲೇ ಇರುವ ಟೆಸ್ಟ್ ಗುಂಡಿ ಒತ್ತಿ. ಎಷ್ಟೋ ಜನರ ಕಷ್ಟ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಪಾವುಕಂಟ್ರೋಲ್ ಎಂಬ ಪುಟ್ಟ ಪ್ರೋಗ್ರಾಮನ್ನು ಹಾಕಿಕೊಳ್ಳಿ. ಇದು ಪಲ್ಸ್‌ಆಡಿಯೋ ಇದ್ದರೂ ಪೈಪ್‌ವೈರ್ ಇದ್ದರೂ ನಡೆಯುತ್ತದೆ. ಹಾಡು ಓಡುತ್ತಿರುವಾಗ ಅದರ ಪ್ಲೇಬ್ಯಾಕ್ ಹಾಳೆ ತೆರೆಯಿರಿ. ಹಾಡಿನ ಹೆಸರಿನ ಕೆಳಗೆ ಒಂದು ಪಟ್ಟಿ ಹಿಂದಕ್ಕೂ ಮುಂದಕ್ಕೂ ಕುಣಿಯುತ್ತಿದ್ದರೆ ಪ್ರೋಗ್ರಾಮ್ ದನಿ ಕಳಿಸುತ್ತಿದೆ, ತಡೆ ಅದರ ಆಚೆಗಿದೆ ಎಂದರ್ಥ. ಕುಣಿಯದಿದ್ದರೆ ತಡೆ ಪ್ರೋಗ್ರಾಮಿನಲ್ಲೇ ಇದೆ. ಆಮೇಲೆ ಕಾನ್ಫಿಗರೇಷನ್ ಹಾಳೆಗೆ ಹೋಗಿ. ನಿಮ್ಮ ಕಾರ್ಡಿನ ಮುಂದೆ ಆಫ್ ಎಂದಿದ್ದರೆ ಅನಲಾಗ್ ಸ್ಟೀರಿಯೋ ಎಂದಿರುವ ಪ್ರೊಫೈಲ್ ಹಾಕಿ. ಬ್ಲೂಟೂತ್ ಹೆಡ್‌ಫೋನಿನ ಹಾಡು ಹಳೆಯ ಟೆಲಿಫೋನಿನ ದನಿಯಂತೆ ಕೇಳುತ್ತಿದ್ದರೂ ಮದ್ದು ಇದೇ ಹಾಳೆಯಲ್ಲಿದೆ. ಹೆಡ್‌ಸೆಟ್ ಪ್ರೊಫೈಲ್ ಬಿಟ್ಟು ಎ2ಡಿಪಿ ಆರಿಸಿ.

ಎಲ್ಲ ಸರಿ ಇದ್ದೂ ದನಿ ಬಾರದಿದ್ದರೆ ಸರ್ವರನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಿ. ಕಂಪ್ಯೂಟರನ್ನೇ ಆರಿಸಿ ಹಚ್ಚಿದರೂ ಆದೀತು. ಟರ್ಮಿನಲ್ ರೂಢಿಯಿದ್ದವರು ಸಿಸ್ಟಮ್‌ಸಿಟಿಎಲ್ ಕಮಾಂಡಿಗೆ ಯೂಸರ್ ಎಂಬ ಆಯ್ಕೆ ಸೇರಿಸಿ ಪೈಪ್‌ವೈರ್, ಪೈಪ್‌ವೈರ್-ಪಲ್ಸ್, ವೈರ್‌ಪ್ಲಂಬರ್ ಮೂರನ್ನೂ ರೀಸ್ಟಾರ್ಟ್ ಮಾಡಿ. ಇದಕ್ಕೆ ಸುಡೋ ಬೇಡ. ಈ ಸರ್ವರ್ ನಡೆಯುವುದು ನಿಮ್ಮ ಹೆಸರಿನಲ್ಲಿ, ರೂಟ್ ಹೆಸರಿನಲ್ಲಲ್ಲ. ಮಾತೆತ್ತಿದರೆ ಸುಡೋ ಹಾಕುವ ಚಾಳಿ ನಿಮ್ಮಲ್ಲಿ ಕೆಲವರಿಗಿದೆ, ಅದನ್ನು ಮೊದಲು ಬಿಡಿ.

ಈಗ ಕೆಳಗಿನ ವಾಲ್ವಿಗೆ, ಎಂದರೆ ಆಲ್ಸಾಗೆ ಬನ್ನಿ. ಟರ್ಮಿನಲ್ಲಿನಲ್ಲಿ ಆಲ್ಸಾಮಿಕ್ಸರ್ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಸಾಲಾಗಿ ನಿಂತ ಕಂಬಗಳು ಕಾಣುತ್ತವೆ. ಮೊದಲು ಎಫ್6 ಒತ್ತಿ ನಿಮ್ಮ ನಿಜವಾದ ಕಾರ್ಡನ್ನು ಆರಿಸಬೇಕು. ಈ ಹೆಜ್ಜೆ ಮರೆತರೆ ಕಾಣುವುದು ಸರ್ವರಿನ ಒಂದು ಕಂಬ ಮಾತ್ರ. ಮಾಸ್ಟರ್, ಹೆಡ್‌ಫೋನ್, ಫ್ರಂಟ್, ಲೈನ್ ಔಟ್ ಕಂಬಗಳ ಬುಡ ನೋಡಿ. ಅಲ್ಲಿ ಎಂಎಂ ಎಂದಿದ್ದರೆ ಅದು ಮ್ಯೂಟ್ ಆಗಿದೆ. ಬಾಣದ ಕೀಲಿಯಿಂದ ಅದರ ಮೇಲೆ ಹೋಗಿ ಎಂ ಒತ್ತಿ. ಎರಡು ಸೊನ್ನೆ ಬಂದರೆ ತೆರೆಯಿತು ಎಂದರ್ಥ. ಮೇಲಿನ ಬಾಣದಿಂದ ಕಂಬವನ್ನು ಏರಿಸಿ. ಇನ್ನೂ ಬಲಕ್ಕೆ ಹೋದರೆ ಅನೇಕ ಕಾರ್ಡುಗಳಲ್ಲಿ ಆಟೋ-ಮ್ಯೂಟ್ ಎಂಬ ಆಯ್ಕೆ ಸಿಗುತ್ತದೆ. ಮುಂದಿನ ತೂತಿಗೆ ಹೆಡ್‌ಫೋನ್ ಹಾಕಿದಾಗ ಹಿಂದಿನ ಸ್ಪೀಕರನ್ನು ಮುಚ್ಚುವುದು ಅದೇ. ಹೆಡ್‌ಫೋನ್ ತೆಗೆದ ಮೇಲೂ ಒಮ್ಮೊಮ್ಮೆ ಅದು ಇನ್ನೂ ಇದೆ ಎಂದೇ ಕಾರ್ಡ್ ನಂಬಿರುತ್ತದೆ. ಆಗ ಡಿಸೇಬಲ್ಡ್ ಮಾಡಿ, ಎಸ್ಕೇಪ್ ಒತ್ತಿ ಹೊರಬನ್ನಿ.

ಸರಿಯಾಯಿತೆಂದು ಊಹಿಸಬೇಡಿ, ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕು. ಸ್ಪೀಕರ್-ಟೆಸ್ಟ್ ಎಂಬ ಕಮಾಂಡಿಗೆ ಎರಡು ಚಾನೆಲ್ ಮತ್ತು ವೇವ್ ದನಿಯ ಆಯ್ಕೆ ಕೊಟ್ಟರೆ ಹೆಣ್ಣುದನಿಯೊಂದು ಎಡಗಡೆಯಿಂದ ಫ್ರಂಟ್ ಲೆಫ್ಟ್ ಎಂದೂ ಬಲಗಡೆಯಿಂದ ಫ್ರಂಟ್ ರೈಟ್ ಎಂದೂ ಹೇಳುತ್ತದೆ. ಎರಡೂ ಕಡೆಯಿಂದ ಸರಿಯಾಗಿ ಕೇಳಿದರೆ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ. ಇದನ್ನೆಲ್ಲ ಮಾಡುವಾಗ ಹೆಡ್‌ಫೋನ್ ಕಿವಿಯಲ್ಲಿರಬಾರದು, ವಾಲ್ಯೂಮ್ ನೂರರಲ್ಲಿರಬಾರದು. ನಿಂತ ದನಿ ಒಮ್ಮೆಲೇ ನುಗ್ಗಿ ಬಂದರೆ ಕಿವಿಗೆ ಪೆಟ್ಟು.

ಔಟ್‌ಪುಟ್ ಪಟ್ಟಿಯಲ್ಲಿ ಡಮ್ಮಿ ಔಟ್‌ಪುಟ್ ಎಂದೊಂದೇ ಕಂಡರೆ ಮಾತ್ರ ವಿಷಯ ಬೇರೆ. ಸರ್ವರಿಗೆ ಕಾರ್ಡೇ ಸಿಕ್ಕಿಲ್ಲ. ಆಗ ಎಪ್ಲೇ ಎಂಬ ಕಮಾಂಡಿಗೆ ಅಡ್ಡಗೆರೆ ಮತ್ತು ಸಣ್ಣ ಎಲ್ ಅಕ್ಷರ ಸೇರಿಸಿ ಕೊಡಿ, ಆಲ್ಸಾಗೆ ಕಾಣುವ ಕಾರ್ಡುಗಳ ಪಟ್ಟಿ ಬರುತ್ತದೆ. ಅಲ್ಲಿ ಕಾರ್ಡ್ ಇದ್ದರೆ ತೊಂದರೆ ಸರ್ವರಿನಲ್ಲಿ, ಇಲ್ಲದಿದ್ದರೆ ಕರ್ನಲ್ಲಿನಲ್ಲೋ ಫರ್ಮ್‌ವೇರಿನಲ್ಲೋ. ಅಪ್‌ಡೇಟ್ ಆದ ಮಾರನೆಯ ದಿನವೇ ದನಿ ನಿಂತಿತೆಂದರೆ ಹಳೆಯ ಕರ್ನಲ್ಲಿನಲ್ಲಿ ಕಂಪ್ಯೂಟರ್ ಹಚ್ಚಿ ನೋಡಿ. ಉಬುಂಟು, ಮಿಂಟ್ ಎರಡೂ ಹಿಂದಿನ ಕರ್ನಲನ್ನು ಉಳಿಸಿರುತ್ತವೆ. ಹಚ್ಚುವಾಗ ಬರುವ ಗ್ರಬ್ ಪಟ್ಟಿಯ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಅದು ಸಿಗುತ್ತದೆ. ಅದರಲ್ಲಿ ದನಿ ಬಂದರೆ ಕಾರಣ ಸಿಕ್ಕಿದಂತೆಯೇ. ಮುಂದಿನ ಅಪ್‌ಡೇಟ್ ಬರುವವರೆಗೆ ಅದರಲ್ಲೇ ಇರಿ. ಅಲ್ಲೂ ಬಾರದಿದ್ದರೆ ಬಯಾಸ್ ಒಳಗೆ ಆನ್‌ಬೋರ್ಡ್ ಆಡಿಯೋ ಮುಚ್ಚಿದೆಯೇ ನೋಡಿ. ಲೈವ್ ಪೆನ್‌ಡ್ರೈವಿನಿಂದ ಹಚ್ಚಿದಾಗಲೂ ದನಿ ಇಲ್ಲವೆಂದರೆ ಕಾರ್ಡೇ ಹೋಗಿರುವ ಸಂಭವ ಹೆಚ್ಚು. ಹಾಗಾದರೂ ಇಡೀ ಕಂಪ್ಯೂಟರ್ ಬದಲಿಸಬೇಕಿಲ್ಲ, ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ತಂದು ಸಿಕ್ಕಿಸಿದರೆ ಸಾಕು.

ಇನ್ನು ಮಾಡಬಾರದ್ದನ್ನು ಹೇಳುತ್ತೇನೆ. ಹತ್ತು ವರ್ಷ ಹಳೆಯ ಸಲಹೆಯನ್ನು ಇಂದಿನ ಕಂಪ್ಯೂಟರಿಗೆ ಹಚ್ಚಬೇಡಿ. ಪಲ್ಸ್‌ಆಡಿಯೋ ಕಾಲದ ಕಮಾಂಡು ಪೈಪ್‌ವೈರ್ ಇರುವಲ್ಲಿ ಕೆಲಸಕ್ಕೆ ಬಾರದಿರಬಹುದು, ಕೆಲಸ ಕೆಡಿಸಲೂಬಹುದು. ಪ್ಯಾಕ್ಟಿಎಲ್ ಇನ್ಫೋ ಎಂದು ಕೊಟ್ಟರೆ ನಿಮ್ಮಲ್ಲಿರುವ ಸರ್ವರ್ ಯಾವುದೆಂದು ಅದೇ ಹೇಳುತ್ತದೆ. ಮೊದಲು ಅದನ್ನು ತಿಳಿದು ಆಮೇಲೆ ಸಲಹೆ ಹುಡುಕಿ. ಸೌಂಡ್ ಸರ್ವರನ್ನು ಕಿತ್ತುಹಾಕಿ ಮತ್ತೆ ಹಾಕುವ ಸಾಹಸಕ್ಕೂ ಹೋಗಬೇಡಿ. ಅದರ ಜೊತೆಗೆ ಡೆಸ್ಕ್‌ಟಾಪಿನ ಪ್ಯಾಕೇಜುಗಳೂ ಕಿತ್ತುಬರುವುದುಂಟು. ಏನೇನು ಹೋಗುತ್ತದೆ ಎಂದು ಟರ್ಮಿನಲ್ ತೋರಿಸುವ ಪಟ್ಟಿಯನ್ನು ಓದದೆ ವೈ ಒತ್ತುತ್ತೀರಿ, ಆಮೇಲೆ ದನಿಯ ಜೊತೆ ಪರದೆಯೂ ಹೋಯಿತೆಂದು ತಲೆಗೆ ಕೈ ಹೊರುತ್ತೀರಿ. ಸೆಟ್ಟಿಂಗ್ಸ್ ಫೈಲುಗಳನ್ನು ಅಳಿಸಲು ಯಾರಾದರೂ ಹೇಳಿದರೆ ಅಳಿಸಬೇಡಿ, ಹೆಸರು ಬದಲಿಸಿ ಪಕ್ಕಕ್ಕಿಡಿ. ಬೇಕೆಂದರೆ ಹಿಂದಕ್ಕೆ ತರಬಹುದು. ಮಿಂಟಿನಲ್ಲಿ ಟೈಮ್‌ಶಿಫ್ಟ್ ಮೊದಲೇ ಇರುತ್ತದೆ. ದನಿ ಚೆನ್ನಾಗಿರುವ ದಿನವೇ ಅದರಲ್ಲಿ ಒಂದು ಪ್ರತಿ ಉಳಿಸಿಕೊಳ್ಳಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದಾಗಬಾರದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ ಕೂಡಲೇ ಪರೀಕ್ಷಿಸಿ, ಫಲಿಸದಿದ್ದರೆ ಮೊದಲಿದ್ದಂತೆ ಮಾಡಿ ಮುಂದಕ್ಕೆ ಹೋಗಿ. ಮಾಡಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಐದು ಕಡೆ ಒಟ್ಟಿಗೆ ಕೈಯಾಡಿಸಿದರೆ ದನಿ ಬಂದರೂ ಏತರಿಂದ ಬಂತೆಂದು ತಿಳಿಯದು, ಮತ್ತೆ ನಿಂತಾಗ ಮೊದಲಿನಿಂದ ಶುರುಮಾಡಬೇಕು.

ಇಷ್ಟಾದರೂ ಬಗೆಹರಿಯದಿದ್ದರೆ ಬಲ್ಲವರನ್ನು ಕೇಳಲು ಸಂಕೋಚ ಬೇಡ. ಬಾಯಿದ್ದವನು ಬರಗಾಲದಲ್ಲೂ ಬದುಕಿದ. ಆದರೆ ಬರೀ “ಸೌಂಡ್ ಬರ್ತಿಲ್ಲ, ಏನಾದ್ರೂ ಮಾಡಿ” ಎಂದರೆ ಎದುರಿನವರು ಏನು ಮಾಡಿಯಾರು? ಯಾವ ಲಿನಕ್ಸ್, ಯಾವ ಆವೃತ್ತಿ, ಯಾವ ಕರ್ನಲ್, ಸರ್ವರ್ ಯಾವುದು, ಎಪ್ಲೇ ಪಟ್ಟಿಯಲ್ಲಿ ಏನು ಬಂತು, ದನಿ ನಿಂತದ್ದು ಯಾವಾಗ, ನೀವು ಈವರೆಗೆ ಏನೇನು ಮಾಡಿದಿರಿ, ಇಷ್ಟನ್ನೂ ಹೇಳಿ. ಉತ್ತರ ಸಿಕ್ಕಿ ದನಿ ಬಂದ ಮೇಲೆ ಸುಮ್ಮನಾಗಬೇಡಿ. ಏನು ಮಾಡಿದ್ದರಿಂದ ಸರಿಹೋಯಿತು ಎಂಬುದನ್ನು ಸಹಾಯ ಮಾಡಿದವರಿಗೂ ತಿಳಿಸಿ, ನಿಮ್ಮ ಚೀಟಿಯಲ್ಲೂ ಬರೆದಿಡಿ. ನಾಳೆ ಇದೇ ಕಷ್ಟ ಇನ್ನೊಬ್ಬರಿಗೆ ಬಂದಾಗ ಅವರು ನಿಮ್ಮನ್ನೇ ಕೇಳುತ್ತಾರೆ. ಆಗ ಅವರ ಪಕ್ಕದಲ್ಲಿ ಕೂತು ಸ್ಪೀಕರಿನ ತಂತಿಯಿಂದಲೇ ಶುರುಮಾಡಿ, ತಾಳ್ಮೆಯಿಂದ ಹೇಳಿಕೊಡಿ.