ಬೋರ್ಡಿಗೂ ಒಂದು ಹದ

ರಾವಂದೂರು ಹೋಬಳಿಯ ಹೊಲ, ತೋಟಗಳಿಂದ ನನ್ನ ರಿಪೇರಿ ಮೇಜಿಗೆ ಬರುವ ಬೋರ್ಡುಗಳು ಹೆಚ್ಚಾಗಿ ಮೂರು ಬಗೆಯವು: ಬೋರ್‌ವೆಲ್ ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್, ಸೋಲಾರ್ ಬೇಲಿಯ ಪೆಟ್ಟಿಗೆ, ಎಲ್‌ಇಡಿ ದೀಪ. ಮೂರರೊಳಗೂ ಈಗ ಕಾಲುಳ್ಳ ಬಿಡಿಭಾಗಗಳು ಅಪರೂಪ. ತೂತಿನೊಳಗೆ ಕಾಲು ತೂರಿಸಿ ಹಿಂಬದಿಗೆ ಸೀಸ ಬಿಡುವ ಕೆಲಸ ಟ್ರಾನ್ಸ್‌ಫಾರ್ಮರು, ರಿಲೇಗಳಿಗಷ್ಟೇ ಉಳಿದಿದೆ. ಮಿಕ್ಕಿದ್ದೆಲ್ಲ ಬೋರ್ಡಿನ ಮೈಮೇಲೇ ಕೂರುವ ಎಸ್‌ಎಂಡಿ. ಇಂಥ ಬೋರ್ಡು ಕೆಟ್ಟರೆ ರೈತರಿಗೆ ಸಿಗುವ ಉತ್ತರ ಎಲ್ಲ ಕಡೆಯೂ ಒಂದೇ. ಅವರು ಅದನ್ನೇ ಹೊತ್ತು ಬರುತ್ತಾರೆ: “ಬೋರ್ಡೇ ಹೋಗ್ಬುಟ್ಟದಂತೆ ಕಣಣ್ಣ, ಹೊಸದೇ ಹಾಕಿಸ್ಬೇಕಂತೆ. ನೀನೊಂದ್ಸಲ ನೋಡು.”

ಹಾಗೆ ನೋಡಿದಾಗ ಇಡೀ ಬೋರ್ಡು ಸತ್ತಿರುವುದು ಬಹಳ ಕಡಿಮೆ. ಸತ್ತಿರುವುದು ಸಾಸಿವೆ ಗಾತ್ರದ ಒಂದು ಕೆಪಾಸಿಟರೋ ರೆಸಿಸ್ಟರೋ ಆಗಿರುತ್ತದೆ. ಅದನ್ನು ಹುಡುಕಿ ಬದಲಿಸುವ ಕೆಲಸ ಹೋಬಳಿ ಮಟ್ಟದಲ್ಲೇ ಆಗಬೇಕು, ಆಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಬೆಳೆ ಒಣಗುತ್ತಿರುವಾಗ ಸ್ಟಾರ್ಟರನ್ನು ಮೈಸೂರಿಗೆ ಕಳಿಸಿ ವಾರಗಟ್ಟಲೆ ಕಾಯಲು ಯಾರಿಗೂ ಆಗುವುದಿಲ್ಲ.

ಕಲಿಯಲು ಬರುವ ಹುಡುಗರು ಮೊದಲು ಹೆದರುವುದು ಗಾತ್ರಕ್ಕೆ. 0805 ಎನ್ನುವ ಅಳತೆಯದು 2 ಮಿಲಿಮೀಟರ್ ಉದ್ದ, 0603 ಎಂದರೆ 1.6, 0402 ಎಂದರೆ ಬರೀ 1 ಮಿಲಿಮೀಟರ್. ಆ ಹೆದರಿಕೆ ಬೇಗ ಹೋಗುತ್ತದೆ. ದೀಪವಿರುವ ಒಂದು ಭೂತಗನ್ನಡಿ, ಚೂಪು ತುದಿಯ ಚಿಮುಟ, ಮೇಜಿಗೆ ಮೊಣಕೈ ಊರಿ ಕೂರುವ ಅಭ್ಯಾಸ, ಇಷ್ಟಿದ್ದರೆ 0603 ಕೈಗೆ ಒಗ್ಗುತ್ತದೆ. ವರ್ಷಗಳು ಹಿಡಿಯುವುದು ಶಾಖವನ್ನು ಅರಿಯಲು.

ಪಿರಿಯಾಪಟ್ಟಣ ತಾಲ್ಲೂಕಿನ ಹುಡುಗರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಹೊಗೆಸೊಪ್ಪಿನ ಬ್ಯಾರನ್ ಕಾಣದವರು ಇಲ್ಲಿ ಯಾರಿದ್ದಾರೆ? ಸೊಪ್ಪು ಏರಿಸಿದ ದಿನವೇ ಬೆಂಕಿ ಜೋರು ಮಾಡುವವರಿಲ್ಲ. ಎಲೆ ಹಳದಿಗೆ ತಿರುಗುವವರೆಗೆ ಮೆಲ್ಲನೆಯ ಬಿಸಿ, ಆಮೇಲೆ ಎಲೆ ಒಣಗುವಷ್ಟು, ಕೊನೆಗೆ ನಡುವಿನ ಕಡ್ಡಿ ಒಣಗಲು 70 ಡಿಗ್ರಿ ಆಸುಪಾಸು. ಅವಸರ ಮಾಡಿದರೆ ಎಲೆ ಹಸಿರಾಗೇ ಒಣಗಿ ದರ ಬೀಳುತ್ತದೆ. ಕಾರ್ಖಾನೆಯಲ್ಲಿ ಎಸ್‌ಎಂಡಿ ಬೋರ್ಡು ಹಾದುಹೋಗುವ ಒಲೆಯಲ್ಲೂ ಹೀಗೇ ಮೆಟ್ಟಿಲು ಮೆಟ್ಟಿಲಾದ ಶಾಖ ಇರುತ್ತದೆ. ಮೊದಲು ಇಡೀ ಬೋರ್ಡು ನಿಧಾನಕ್ಕೆ 150 ಡಿಗ್ರಿಯ ಆಚೆಗೆ ಏರಬೇಕು, ಸ್ವಲ್ಪ ಹೊತ್ತು ಅಲ್ಲೇ ನಿಲ್ಲಬೇಕು, ಆಮೇಲೆ ಕೆಲವೇ ಸೆಕೆಂಡು 245ರ ಹತ್ತಿರ ಹೋಗಿ ಇಳಿಯಬೇಕು.

ನಮ್ಮ ಮೇಜಿನ ಮೇಲೂ ಅದೇ ಕ್ರಮ ಬೇಕು. ಹಳೆಯ ಸೀಸದ ಸೋಲ್ಡರು, ಅಂದರೆ 63 ಪಾಲು ತವರ, 37 ಪಾಲು ಸೀಸದ್ದು, 183 ಡಿಗ್ರಿಗೆ ಕರಗುತ್ತದೆ. ಯುರೋಪಿನಲ್ಲಿ 2006ರ ಜುಲೈನಿಂದ ಸೀಸಕ್ಕೆ ಕಡಿವಾಣ ಬಿದ್ದ ಮೇಲೆ ಕಾರ್ಖಾನೆಗಳು ಬಳಸುತ್ತಿರುವ ತವರ, ಬೆಳ್ಳಿ, ತಾಮ್ರದ ಸೋಲ್ಡರಿಗೆ 217 ಡಿಗ್ರಿಯಾದರೂ ಬೇಕು. ಸೀಸದ ಸೋಲ್ಡರಿನ ಅಂದಾಜಿನಲ್ಲೇ ಐರನ್ ಇಟ್ಟರೆ ಅದು ಜಗ್ಗುವುದಿಲ್ಲ. ಆಗ ಜನ ಚಿಮುಟದಿಂದ ಎಳೆಯುತ್ತಾರೆ, ಬಿಡಿಭಾಗದ ಜೊತೆ ಬೋರ್ಡಿನ ತಾಮ್ರದ ಪ್ಯಾಡೂ ಕಿತ್ತು ಬರುತ್ತದೆ. ಹೀಗೆ ಪ್ಯಾಡ್ ಕಿತ್ತ ಬೋರ್ಡುಗಳನ್ನು ಎಷ್ಟು ನೋಡಿದ್ದೇನೋ! ಮೂಲ ದೋಷಕ್ಕಿಂತ ಅದನ್ನು ಸರಿಮಾಡುವುದೇ ದೊಡ್ಡ ಕೆಲಸ. ನಾನು ಮಾಡುವುದಿಷ್ಟು: ಕೆಳಗಿನಿಂದ ಬೋರ್ಡನ್ನು ಕೈ ಇಡಲಾಗದಷ್ಟು ಬಿಸಿ ಮಾಡಿಕೊಳ್ಳುತ್ತೇನೆ, ತೆಗೆಯಬೇಕಾದ ಭಾಗದ ಎರಡೂ ತುದಿಗೆ ಸೀಸದ ಸೋಲ್ಡರನ್ನು ಹೊಸದಾಗಿ ಬೆರೆಸುತ್ತೇನೆ. ಬೆರೆತರೆ ಕರಗುವ ಬಿಸಿ ತಗ್ಗುತ್ತದೆ, ಭಾಗ ತಾನಾಗಿ ತೇಲುತ್ತದೆ. ತೇಲಿದ ಮೇಲೆ ಎತ್ತಬೇಕು, ಎಳೆಯುವ ಮಾತೇ ಇಲ್ಲ.

ಇನ್ನು ಪೇಸ್ಟು. ಫ್ಲಕ್ಸಿಗೆ ನಮ್ಮ ಕಡೆ ಎಲ್ಲರೂ ಹೇಳುವುದು ಪೇಸ್ಟು ಎಂದೇ. ಅದರಲ್ಲಿ ಜುಗ್ಗತನ ಕೂಡದು. ತಾಮ್ರದ ಮೇಲಿನ ಕಿಲುಬನ್ನು ತಿಂದು ಸೋಲ್ಡರಿಗೆ ದಾರಿ ಮಾಡಿಕೊಡುವುದು ಅದೇ. ಐಸಿಯ ಕಾಲುಗಳ ಮೇಲೆ ಒಳ್ಳೆಯ ಪೇಸ್ಟು ಧಾರಾಳವಾಗಿ ಹಚ್ಚಿ ಐರನ್ನಿನ ತುದಿಯನ್ನು ಒಂದೇ ಸಮ ಎಳೆದರೆ ಸೋಲ್ಡರು ಕಾಲು ಕಾಲಿಗೆ ಹಂಚಿಕೊಂಡು ಕೂರುತ್ತದೆ. ತಗಡು, ಪೈಪು ಬೆಸೆಯುವ ಆಮ್ಲದ ಪೇಸ್ಟನ್ನು ಮಾತ್ರ ಬೋರ್ಡಿನ ಹತ್ತಿರ ತರಬೇಡಿ. ಕೆಲವೇ ತಿಂಗಳಲ್ಲಿ ಟ್ರ್ಯಾಕು ಹಸಿರುಗಟ್ಟಿ ತುಂಡಾಗುತ್ತದೆ.

ಮೊಬೈಲ್ ಸ್ಟಾರ್ಟರಿನಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ದೋಷವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೋರ್ಡಿಗೆ ಕರೆಂಟು ಬರುತ್ತದೆ, ಆದರೆ ಒಂದು ಲೈಟೂ ಹತ್ತುವುದಿಲ್ಲ. 3.3 ವೋಲ್ಟಿನ ದಾರಿಗೂ ನೆಲಕ್ಕೂ ಮೀಟರ್ ಹಿಡಿದರೆ ಬೀಪ್ ಎನ್ನುತ್ತದೆ, ಅಂದರೆ ಶಾರ್ಟು. ಆ ದಾರಿಯಲ್ಲಿ ಕಂದು ಬಣ್ಣದ ಸಣ್ಣ ಸೆರಾಮಿಕ್ ಕೆಪಾಸಿಟರುಗಳು ಸಾಲುಗಟ್ಟಿರುತ್ತವೆ. ಮೈಮೇಲೆ ಗುರುತಿಲ್ಲ, ನೋಡಲು ಎಲ್ಲವೂ ಚೆನ್ನಾಗಿಯೇ ಇವೆ. ಕಳ್ಳ ಯಾವುದು? ಒಂದೊಂದನ್ನೇ ಕಿತ್ತು ನೋಡುವ ಅಗತ್ಯವಿಲ್ಲ. ಸ್ಟಾರ್ಟರಿನ ಲೈನು ಪೂರ್ತಿ ಬಿಡಿಸಿ, ಬೆಂಚ್ ಸಪ್ಲೈಯಿಂದ 1 ವೋಲ್ಟು ಮಾತ್ರ, ಕರೆಂಟಿಗೆ ಮಿತಿ ಕಟ್ಟಿ, ಆ ದಾರಿಗೆ ಕೊಡುತ್ತೇನೆ. ಬೋರ್ಡಿನ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ತೆಳ್ಳಗೆ ಸವರುತ್ತೇನೆ. ಎಲ್ಲೆಡೆ ತೇವ ಹೊಳೆಯುತ್ತಿರುವಾಗ ಒಂದು ಕೆಪಾಸಿಟರಿನ ಮೈ ಮಾತ್ರ ಬೇಗ ಒಣಗಿ ಮಂಕಾಗುತ್ತದೆ. ಕರೆಂಟೆಲ್ಲ ಅದರೊಳಗೆ ಹರಿದು ಅದೊಂದೇ ಬಿಸಿಯಾಗಿರುತ್ತದೆ. ಅದನ್ನು ಎತ್ತಿದರೆ ಬೀಪ್ ನಿಲ್ಲುತ್ತದೆ.

ಅದು ಹೋಗಿದ್ದೇಕೆ ಎಂದೂ ಕೇಳಿಕೊಳ್ಳಬೇಕು. ಸೆರಾಮಿಕ್ ಎಂದರೆ ಸುಟ್ಟ ಮಣ್ಣಿನ ಜಾತಿ, ಬಾಗುವುದಿಲ್ಲ. ಸೊಟ್ಟಗಾದ ತಗಡಿನ ಪೆಟ್ಟಿಗೆಗೆ ಬೋರ್ಡನ್ನು ಸ್ಕ್ರೂ ಹಾಕಿ ಬಿಗಿದರೆ ಬೋರ್ಡು ಕೂದಲೆಳೆಯಷ್ಟು ಬಾಗುತ್ತದೆ, ಕೆಪಾಸಿಟರಿನ ಅಂಚಿನಿಂದ ಒಳಕ್ಕೆ ಓರೆಯಾಗಿ ಬಿರುಕು ಹೋಗುತ್ತದೆ. ಬಿರುಕು ಹೊರಗೆ ಕಾಣುವುದಿಲ್ಲ. ಮಳೆಗಾಲದ ತೇವ ಒಳಗಿಳಿದ ದಿನ ಶಾರ್ಟು. ಹಾಗಾಗಿ ಸ್ಕ್ರೂ ತೂತಿನ ಪಕ್ಕದ ಕೆಪಾಸಿಟರುಗಳನ್ನೇ ನಾನು ಮೊದಲು ಅನುಮಾನಿಸುವುದು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಎಷ್ಟೋ ಸ್ಟಾರ್ಟರ್ ಬೋರ್ಡುಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ, ಲೈನಿನಿಂದ ನೇರ ಇಳಿಸಿಕೊಂಡಿರುತ್ತಾರೆ. ಮೀಟರಿನಲ್ಲಿ 3.3 ತೋರಿಸಿದರೂ ಇಡೀ ಬೋರ್ಡು 415 ವೋಲ್ಟಿನ ಲೈನಿಗೇ ಅಂಟಿಕೊಂಡಿರುತ್ತದೆ. ಲೈನ್ ಇರುವಾಗ ಮುಟ್ಟಿದರೆ ಜೀವ ಹೋಗುತ್ತದೆ.

ಬಿಡಿಭಾಗಗಳ ಗುರುತು ಓದುವುದು ಲೆಕ್ಕದ ವಿಷಯ. ರೆಸಿಸ್ಟರ್ ಮೇಲೆ 103 ಎಂದಿದ್ದರೆ 10ರ ಮುಂದೆ ಮೂರು ಸೊನ್ನೆ, 10,000 ಓಮ್. 472 ಎಂದರೆ 4,700. 4R7 ಎಂದರೆ 4.7. ಪಟ್ಟೆಗಳ ವಿಷಯದಲ್ಲಿ ಮಾತ್ರ ಹುಷಾರು. ಡಬ್ಬಿಯಾಕಾರದ ಕೆಪಾಸಿಟರಿನ ಕಪ್ಪು ಗುರುತು ಮೈನಸ್ಸು, ಹಳದಿ ಟ್ಯಾಂಟಲಮ್ಮಿನ ಪಟ್ಟೆ ಪ್ಲಸ್ಸು. ಉಲ್ಟಾ ಹಾಕಿದರೆ ಟ್ಯಾಂಟಲಮ್ ಹೊತ್ತಿ ಉರಿಯುತ್ತದೆ.

ಎಲ್‌ಇಡಿ ದೀಪಗಳ ಬೋರ್ಡು ಅಲ್ಯೂಮಿನಿಯಮ್ಮಿನದು. ಐರನ್ನಿನ ಬಿಸಿಯನ್ನೆಲ್ಲ ಅದು ನುಂಗಿಬಿಡುತ್ತದೆ, ಕೆಳಗಿನಿಂದ ಕಾಯಿಸದೆ ಬೇರೆ ದಾರಿಯಿಲ್ಲ.

ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸುತ್ತೇನೆ, ಉಳಿದದ್ದು ಹಳೆಯ ಬೋರ್ಡುಗಳಿಂದ. ನಮ್ಮ ಜಿಲ್ಲೆಗೂ ಈ ವಿದ್ಯೆಗೂ ಹತ್ತಿರದ ನಂಟಿದೆ. ನಂಜನಗೂಡಿನಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿಯ ಕಾರ್ಖಾನೆ ಬರಿಯ ಬೋರ್ಡುಗಳನ್ನು ತಯಾರಿಸುತ್ತದೆ. 1988ರಲ್ಲಿ ಮೈಸೂರಿನಲ್ಲಿ ಶುರುವಾದ ಕೇನ್ಸ್ ಕಂಪನಿ ಬೋರ್ಡಿನ ಮೇಲೆ ಭಾಗಗಳನ್ನು ಕೂರಿಸುವ ಕೆಲಸದಲ್ಲಿ ದೇಶಕ್ಕೇ ಹೆಸರಾಗಿದೆ. ಬೋರ್ಡು ಕಟ್ಟುವ ವಿದ್ಯೆ ಇಷ್ಟು ಹತ್ತಿರವಿರುವಾಗ ಅದನ್ನು ಉಳಿಸುವ ವಿದ್ಯೆಯೂ ಇಲ್ಲಿ ಬೇರೂರಬೇಕು. ಅದಕ್ಕೆ ಅಡ್ಡಿಯಾಗಿರುವುದು ಸರ್ಕ್ಯೂಟಿನ ನಕ್ಷೆ. ತಯಾರಕರು ಕೊಡುವುದಿಲ್ಲ, ಕೆಲವರು ಐಸಿಯ ಮೇಲಿನ ನಂಬರನ್ನೂ ಉಜ್ಜಿ ಅಳಿಸಿರುತ್ತಾರೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಕೃಷಿ ಉಪಕರಣಗಳನ್ನೂ ಅದರಲ್ಲಿ ಸೇರಿಸಿತು. ಪಂಪ್‌ಸೆಟ್ ಸ್ಟಾರ್ಟರಿನ ನಕ್ಷೆ ಕೂಡ ಹಾಗೆ ಎಲ್ಲರ ಕೈಗೆ ಸಿಗಬೇಕು. ನಕ್ಷೆ ಇದ್ದರೆ ಅರ್ಧ ದಿನದ ಹುಡುಕಾಟ ಅರ್ಧ ಗಂಟೆಗೆ ಇಳಿಯುತ್ತದೆ.

ರಿಪೇರಿ ಮುಗಿದ ಬೋರ್ಡನ್ನು ನಾನು ಹಾಗೇ ಕೊಡುವುದಿಲ್ಲ. ಪೇಸ್ಟಿನ ಜಿಡ್ಡನ್ನು ಆಲ್ಕೋಹಾಲಿನಲ್ಲಿ ಬ್ರಷ್ಷಿನಿಂದ ತೊಳೆದು, ಒಣಗಿಸಿ, ಕನೆಕ್ಟರುಗಳಿಗೆ ಟೇಪು ಸುತ್ತಿ ಮೇಲೆ ವಾರ್ನಿಷ್ ಹೊಡೆಯುತ್ತೇನೆ. ಸ್ಟಾರ್ಟರ್ ಪೆಟ್ಟಿಗೆಯ ಬೆಚ್ಚನೆಯ ಮೂಲೆ ಇರುವೆಗಳಿಗೆ ಬಲು ಇಷ್ಟ, ಹಲ್ಲಿಗಳಿಗೂ. ಕೇಬಲ್ ಬರುವ ತೂತುಗಳನ್ನು ಮುಚ್ಚಿಕೊಳ್ಳಲು ರೈತರಿಗೆ ಹೇಳಿ ಕಳಿಸುತ್ತೇನೆ. ಬೋರ್ಡು ಕೂರಿಸುವಾಗ ಸ್ಕ್ರೂಗಳ ಕೆಳಗೆ ನೈಲಾನ್ ವಾಷರ್ ಹಾಕಿ, ನಾಲ್ಕೂ ಮೂಲೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬಿಗಿಯಲು ವೈರ್‌ಮನ್‌ಗಳಿಗೆ ತೋರಿಸಿಕೊಟ್ಟ ಮೇಲೆ, ಅದೇ ಕೆಪಾಸಿಟರ್ ಒಡೆದು ಮತ್ತೆ ಅಂಗಡಿಗೆ ಬರುವ ಬೋರ್ಡುಗಳು ಕಡಿಮೆಯಾಗಿವೆ.